ನಮ್ಮ ಕಾಲೇಜ್ ಟೀಮ್ ಯಾಕೆ ಸೋಲುತ್ತೆ? ಉತ್ತರ ಕೋರ್ಟಿನ ಗೆರೆಯಲ್ಲೇ ಇದೆ

ಚಿತ್ರದುರ್ಗದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್‌ಗೂ ಅಭಿಮಾನಿಗಳಿದ್ದಾರೆ ಅಂದ್ರೆ ನಗಬೇಡಿ. ಇದ್ದಾರೆ. ಹೆಚ್ಚು ಅಂದ್ರೆ ಏಳೆಂಟು ಜನ. ಹೆಚ್ಚಿನವರು ಐವತ್ತು ದಾಟಿದವರು, ಒಂದು ಕಾಲಕ್ಕೆ ಇದೇ ಊರಿನ ಕಾಲೇಜುಗಳಿಗೆ ಆಡಿದವರು. ಸಂಜೆ ವಾಕಿಂಗ್ ಮುಗಿಸಿ ಕೋರ್ಟಿನ ಪಕ್ಕದ ಸಿಮೆಂಟ್ ಮೆಟ್ಟಿಲ ಮೇಲೆ ಕೂತು, ಹುಡುಗರ ಪ್ರಾಕ್ಟೀಸ್ ನೋಡಿ, ಬೈದು, ಟೀ ಕುಡಿದು ಮನೆಗೆ ಹೋಗ್ತಾರೆ.

ಕಳೆದ ಸೀಸನ್ನಿನಲ್ಲಿ ಟೀಮು ಅಂತರ ಕಾಲೇಜು ಟೂರ್ನಿಯ ಮೊದಲ ಸುತ್ತಲ್ಲೇ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಅಂತರದಲ್ಲಿ ಸೋತು ಬಂದ ಮಾರನೇ ದಿನ ನಾನೂ ಆ ಮೆಟ್ಟಿಲ ಮೇಲಿದ್ದೆ. ಚರ್ಚೆ ಜೋರಾಗಿತ್ತು. ಒಬ್ಬರು, "ಎಲ್ಲ ಮೊಬೈಲ್ ಮಹಿಮೆ ಕಣಪ್ಪ, ಎರಡು ರೌಂಡ್ ಓಡೋಕೆ ಉಸಿರಿಲ್ಲ ಇವ್ರಿಗೆ" ಅಂದ್ರು. ಇನ್ನೊಬ್ಬರು, "ನಮ್ ಮೇಷ್ಟ್ರಂಥೋರು ಈಗ ಎಲ್ಲಿದ್ದಾರೆ?" ಅಂದ್ರು. ಮೂರನೆಯವರು, "ಬೆಂಗಳೂರೋರು ದುಡ್ಡು ಕೊಟ್ಟು ಆಟಗಾರರನ್ನ ಎತ್ಕೊಂಡು ಹೋಗ್ತಾರೆ, ನಮ್ಗೆ ಉಳಿಯೋದು ಸಿಪ್ಪೆ" ಅಂದ್ರು. ಕೆಳಗೆ ಶೂ ಲೇಸ್ ಕಟ್ಟಿಕೊಳ್ತಿದ್ದ ಹುಡುಗ ಇದನ್ನೆಲ್ಲ ಕೇಳಿಸಿಕೊಂಡು ತಲೆ ತಗ್ಗಿಸಿದ.

ಆ ತಲೆ ತಗ್ಗಿಸಿದ್ದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಈ ಲೇಖನ. ನಾನು ಇದೇ ಊರಲ್ಲಿ ಎಂಜಿನಿಯರಿಂಗ್ ಓದಿದವನು, ಕಾಲೇಜ್ ಟೀಮಿನ ಹನ್ನೆರಡನೇ ಆಟಗಾರ. ಅಂದ್ರೆ ಟವಲ್ ಹಿಡಿಯುವವನು. ಬೆಂಚಲ್ಲಿ ಕೂತವನಿಗೆ ಆಟ ಚೆನ್ನಾಗಿ ಕಾಣುತ್ತೆ. ನನ್ನ ವಾದ ಇಷ್ಟೇ: ಹುಡುಗರು ಸೋತಿದ್ದು ನಿಜ, ಆದರೆ ಆ ಸೋಲನ್ನು ಕಟ್ಟಿದ್ದು ಅವರಲ್ಲ. ಕೋರ್ಟು, ಮೇಷ್ಟ್ರು, ವಿಶ್ವವಿದ್ಯಾಲಯ, ನೌಕರಿ ಅಂತ ಒಂದು ಸರಪಳಿ ಇತ್ತು. ಅದರ ಒಂದೊಂದೇ ಕೊಂಡಿಯನ್ನು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಕ್ಕೆ, ಬೇರೆ ಬೇರೆ ಸರ್ಕಾರಗಳು ಕಳಚಿದವು. ಕೆಲವು ಕಾರಣಗಳು ಒಳ್ಳೆಯವೇ ಆಗಿದ್ದವು. ಸಡಿಲ ಆದ ಕೊಂಡಿಗಳನ್ನು ಮತ್ತೆ ಸೇರಿಸುವ ಕೆಲಸ ಮಾತ್ರ ಯಾರದ್ದೂ ಆಗಲಿಲ್ಲ.

ಕೋರ್ಟಿನ ಮೇಲೊಂದು ಹಳೇ ತ್ರಾಪಿಜ್ಯ

ಮೊದಲು ನೆಲ ನೋಡೋಣ. ಆ ಸಿಮೆಂಟ್ ಕೋರ್ಟಿನಲ್ಲಿ ರಿಂಗಿನ ಕೆಳಗೆ ಬಣ್ಣ ಮಾಸಿದ ಒಂದು ಆಕಾರ ಇದೆ. ಎಂಟನೇ ಕ್ಲಾಸಿನ ಗಣಿತದಲ್ಲಿ ತ್ರಾಪಿಜ್ಯ ಓದಿದ್ದೀರಲ್ಲ, ಅದೇ: ಕೆಳಗೆ ಅಗಲ, ಮೇಲೆ ಕಿರಿದು. ಬಾಸ್ಕೆಟ್‌ಬಾಲ್ ನೋಡೋ ಇಂದಿನ ಹುಡುಗರು ಇದನ್ನು ಟಿವಿಯಲ್ಲಿ ಕಂಡಿರಲಿಕ್ಕಿಲ್ಲ. ಯಾಕಂದ್ರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾ ಈ ತ್ರಾಪಿಜ್ಯವನ್ನು 2010ರಲ್ಲೇ ತೆಗೆದು 4.9 ಮೀಟರ್ ಅಗಲದ ಆಯತ ಮಾಡಿತು. ಅದೇ ವರ್ಷ ಇನ್ನೊಂದು ದೊಡ್ಡ ಬದಲಾವಣೆಯೂ ಆಯ್ತು. ಮೂರು ಪಾಯಿಂಟಿನ ಗೆರೆ 6.25 ಮೀಟರಿನಿಂದ 6.75 ಮೀಟರಿಗೆ ಹಿಂದಕ್ಕೆ ಹೋಯ್ತು.

ನಾನು ಪಾಸಾಗಿ ಹೊರಬಿದ್ದದ್ದೂ 2010ರಲ್ಲೇ. ಅಂದ್ರೆ ನಾವು ಆಡುವಾಗ ಅದು ಸರಿಯಾದ ಕೋರ್ಟು. ಆಮೇಲೆ ಜಗತ್ತಿನ ಗೆರೆ ಸರಿಯಿತು, ಇದು ಸರಿಯಲಿಲ್ಲ. ಹುಡುಗರು ಇವತ್ತಿಗೂ 2010ಕ್ಕೆ ಮೊದಲಿನ ಆಟವನ್ನೇ ಪ್ರಾಕ್ಟೀಸ್ ಮಾಡ್ತಿದ್ದಾರೆ.

ಅರ್ಧ ಮೀಟರಿಂದ ಏನಾಗುತ್ತೆ ಅಂತೀರಾ? ಆ ಟೂರ್ನಿಯಲ್ಲಿ ನಮ್ಮ ಹುಡುಗನೊಬ್ಬ ತನಗೆ ಅಭ್ಯಾಸವಾದ ಜಾಗದಿಂದ ಎಸೆದು ಮೂರು ಸಲ ಬುಟ್ಟಿಗೆ ಹಾಕಿದ. ಮೂರೂ ಸಲ ರೆಫರಿ ಎತ್ತಿದ್ದು ಎರಡು ಬೆರಳು. ಕಾಲು ಗೆರೆಯ ಒಳಗಿತ್ತು. ನಾಲ್ಕನೇ ಸಲ ಆತ ಹಿಂದೆ ಸರಿದು ಎಸೆದ. ಚೆಂಡು ರಿಂಗಿಗೂ ತಾಗಲಿಲ್ಲ. ಐದನೇ ಸಲ ಎಸೆಯೋ ಧೈರ್ಯ ಮಾಡಲಿಲ್ಲ. ಮೆಟ್ಟಿಲ ಮೇಲಿನವರು ಇದನ್ನು "ಕಾನ್ಫಿಡೆನ್ಸ್ ಇಲ್ಲ" ಅಂದ್ರು. ನನಗೆ ಕಂಡದ್ದು ಅರ್ಧ ಮೀಟರ್ ಬಣ್ಣ.

ಗಾಳಿ ಮತ್ತು ಗಣಿತ

ಈ ಗೆರೆ ಇಷ್ಟು ಮುಖ್ಯ ಯಾಕೆ ಅಂತ ಸ್ವಲ್ಪ ಗಣಿತದಲ್ಲಿ ಹೇಳ್ತೀನಿ. ಒಳಗಿನಿಂದ ಹಾಕಿದರೆ 2 ಪಾಯಿಂಟ್, ಗೆರೆಯ ಹೊರಗಿನಿಂದ ಹಾಕಿದರೆ 3. ಒಳಗಿನಿಂದ ನೂರು ಸಲ ಎಸೆದು ನೂರು ಪಾಯಿಂಟ್ ತೆಗೆಯಬೇಕಾದರೆ ಐವತ್ತು ಸಲ ಬೀಳಬೇಕು. ಹೊರಗಿನಿಂದಾದರೆ ಮೂವತ್ತನಾಲ್ಕು ಸಲ ಬಿದ್ದರೆ ಸಾಕು. ಈ ಸಣ್ಣ ಲೆಕ್ಕ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಇಡೀ ಜಗತ್ತಿನ ಬಾಸ್ಕೆಟ್‌ಬಾಲನ್ನೇ ಬದಲಾಯಿಸಿದೆ. ಎತ್ತರದವನನ್ನು ರಿಂಗಿನ ಕೆಳಗೆ ನಿಲ್ಲಿಸಿ ಅವನಿಗೆ ಚೆಂಡು ಕೊಡುವ ಹಳೇ ಶೈಲಿ ಹಿಂದೆ ಸರಿದು, ಎಲ್ಲರೂ ಹೊರಗಿನಿಂದ ಎಸೆಯುವ ಶೈಲಿ ಬಂತು.

ಈಗ ದುರ್ಗದ ಗಾಳಿ ನೆನಪಿಸಿಕೊಳ್ಳಿ. ಜೋಗಿಮಟ್ಟಿ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ನಮ್ಮ ತೆರೆದ ಕೋರ್ಟಿನಲ್ಲಿ ದೂರದಿಂದ ಎಸೆದ ಚೆಂಡು ಗಾಳಿಗೆ ಪಕ್ಕಕ್ಕೆ ಹೋಗುತ್ತೆ. ಹಾಗಾಗಿ ಇಲ್ಲಿ ಬೆಳೆದ ಆಟಗಾರ ತಾನಾಗೇ ಒಂದು ಪಾಠ ಕಲಿತಿರ್ತಾನೆ: ದೂರದಿಂದ ಎಸೆಯಬೇಡ, ನುಗ್ಗು. ಮನೆಯಲ್ಲಿ ಇದು ಸರಿಯಾದ ಪಾಠವೇ. ಆದರೆ ಎದುರಾಳಿ ಒಳಾಂಗಣದಲ್ಲಿ, ಮರದ ನೆಲದ ಮೇಲೆ, ಗಾಳಿಯೇ ಇಲ್ಲದ ಕಡೆ ಬೆಳೆದವನು. ನಾವು ಹೊರಗಿನಿಂದ ಎಸೆಯೋದಿಲ್ಲ ಅಂತ ಐದು ನಿಮಿಷದಲ್ಲೇ ಅವನಿಗೆ ಗೊತ್ತಾಗುತ್ತೆ. ಐದೂ ಜನ ಒಳಗೆ ಗುಂಪುಗಟ್ಟಿ ನಿಲ್ತಾರೆ. ಝೋನ್ ಡಿಫೆನ್ಸ್ ಅಂದ್ರೆ ಅದೇ. ನುಗ್ಗೋಕೆ ದಾರಿಯೇ ಇರಲ್ಲ.

ತೆರೆದ ಕೋರ್ಟು ಅಂದ ಮಾತ್ರಕ್ಕೆ ಅದು ಕೀಳಲ್ಲ. ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಮೊದಲು ಬಂದದ್ದು 1936ರ ಬರ್ಲಿನ್‌ನಲ್ಲಿ. ಆಗ ಆಡಿಸಿದ್ದೇ ಬಯಲಿನ ಟೆನಿಸ್ ಅಂಕಣಗಳಲ್ಲಿ. ಫೈನಲ್ ದಿನ ಮಳೆ ಹೊಯ್ದು ನೆಲ ಕೆಸರಾಗಿ ಚೆಂಡು ಪುಟಿಯಲಿಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19–8ರಿಂದ. ಈಗ ಅದು ಒಬ್ಬ ಆಟಗಾರನ ಒಂದು ಕ್ವಾರ್ಟರಿನ ಸ್ಕೋರು. ಅವತ್ತು ಕೆಸರು ಇಬ್ಬರಿಗೂ ಒಂದೇ ಇತ್ತು. ಇವತ್ತು ಒಬ್ಬರಿಗೆ ಕೆಸರು, ಇನ್ನೊಬ್ಬರಿಗೆ ಮರದ ನೆಲ.

ಈ ಆಟ ಬಂದದ್ದೇ ಮೇಷ್ಟ್ರ ಜೊತೆ

ಮೆಟ್ಟಿಲ ಮೇಲಿನವರ ಎರಡನೇ ದೂರು ಮೇಷ್ಟ್ರ ಬಗ್ಗೆ. ಅದಕ್ಕೆ ಗಟ್ಟಿಯಾದ ಇತಿಹಾಸವೇ ಇದೆ.

ಬಾಸ್ಕೆಟ್‌ಬಾಲ್ ಹಳ್ಳಿಯ ಬಯಲಲ್ಲೋ ಗಲ್ಲಿಯಲ್ಲೋ ತಾನಾಗಿ ಹುಟ್ಟಿದ್ದಲ್ಲ. ಅದನ್ನು ಒಬ್ಬ ಪಿ.ಟಿ. ಮೇಷ್ಟ್ರು ಕಂಡುಹಿಡಿದದ್ದು. 1891ರ ಡಿಸೆಂಬರಿನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಅಧ್ಯಾಪಕರು, ಚಳಿಗಾಲದಲ್ಲಿ ಹೊರಗೆ ಆಡಲಾಗದ ವಿದ್ಯಾರ್ಥಿಗಳಿಗಾಗಿ 13 ನಿಯಮ ಬರೆದರು. ಜಿಮ್‌ನ ಬಾಲ್ಕನಿ ಕಟಾಂಜನಕ್ಕೆ ಪೀಚ್ ಹಣ್ಣಿನ ಎರಡು ಬುಟ್ಟಿ ಹೊಡೆದರು. ಆ ಕಟಾಂಜನ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇವತ್ತಿಗೂ ಜಗತ್ತಿನ ಎಲ್ಲ ರಿಂಗಿನ ಎತ್ತರ ಅಷ್ಟೇ, 3.05 ಮೀಟರ್. ಮೊದಲ ಆಟದಲ್ಲಿ ಪಕ್ಷಕ್ಕೆ ಒಂಬತ್ತು ಜನ. ಚೆಂಡು ಫುಟ್‌ಬಾಲಿನದು. ಅಂತಿಮ ಸ್ಕೋರು 1–0.

ದಕ್ಷಿಣ ಭಾರತಕ್ಕೆ ಈ ಆಟ ಹರಡಿದ್ದೂ ಅದೇ ವೈಎಂಸಿಎ ದಾರಿಯಲ್ಲಿ. ಸ್ಪ್ರಿಂಗ್‌ಫೀಲ್ಡ್‌ನಲ್ಲೇ ಕಲಿತ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ಶುರು ಮಾಡಿದರು. ಅಲ್ಲಿ ತರಬೇತಿ ಪಡೆದ ಮೇಷ್ಟ್ರುಗಳು ದಕ್ಷಿಣದ ಶಾಲೆ ಕಾಲೇಜುಗಳಿಗೆ ಹೋದರು. ಜೊತೆಗೆ ಬಾಸ್ಕೆಟ್‌ಬಾಲ್, ವಾಲಿಬಾಲ್ ಹೋದವು. ಕಬಡ್ಡಿ, ಖೋ ಖೋ ಮೇಷ್ಟ್ರಿಲ್ಲದೆಯೂ ಬದುಕುತ್ತವೆ, ಊರು ಅವನ್ನು ನೆನಪಿಟ್ಟುಕೊಳ್ಳುತ್ತೆ. ಬಾಸ್ಕೆಟ್‌ಬಾಲ್ ಹಾಗಲ್ಲ. ಕಾಲು ಎತ್ತುವ ಕ್ರಮ, ಮಣಿಕಟ್ಟು ತಿರುಗಿಸುವ ಕ್ರಮ ಯಾರಾದರೂ ಪಕ್ಕದಲ್ಲಿ ನಿಂತು ತಿದ್ದಬೇಕು. ಮೇಷ್ಟ್ರು ರಿಟೈರ್ ಆಗಿ ಆ ಹುದ್ದೆ ಖಾಲಿ ಉಳಿದರೆ ಐದು ವರ್ಷದಲ್ಲಿ ಆಟವೂ ಖಾಲಿ.

ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಅಂತ ಒಂದು ಹುದ್ದೆ ಇರುತ್ತೆ. ಆ ಒಬ್ಬರೇ ಕಬಡ್ಡಿಯಿಂದ ಅಥ್ಲೆಟಿಕ್ಸ್‌ವರೆಗೆ ಎಲ್ಲ ಟೀಮು ನೋಡ್ಕೋಬೇಕು. ಜೊತೆಗೆ ಪರೀಕ್ಷೆ ಡ್ಯೂಟಿ, ಚುನಾವಣೆ ಡ್ಯೂಟಿ, ನ್ಯಾಕ್ ಫೈಲು. ಇದಕ್ಕೆ ಸೆಮಿಸ್ಟರ್ ಸೇರಿಸಿ. ಹದಿನಾರು ವಾರಗಳ ಪಾಠ, ನಡುವೆ ಇಂಟರ್ನಲ್ಸ್. ಟೂರ್ನಿ ಸರ್ಕ್ಯುಲರ್ ಬಂದ ಮೇಲೆ ಟೀಮು ಕಟ್ಟೋದು ವಾಡಿಕೆಯಾಗಿದೆ.

ಇನ್ನೂ ಹಿಂದಕ್ಕೆ ಹೋದರೆ ಪಿಯುಸಿಯ ಎರಡು ವರ್ಷ. ಹದಿನಾರರಿಂದ ಹದಿನೆಂಟು ವಯಸ್ಸು ಈ ಆಟದಲ್ಲಿ ಶೂಟಿಂಗ್ ಗಟ್ಟಿಯಾಗುವ ಕಾಲ. ನಮ್ಮಲ್ಲಿ ಅದು ಸಿಇಟಿ, ನೀಟ್ ಟ್ಯೂಷನ್ ಕಾಲ. ಹೈಸ್ಕೂಲಿನಲ್ಲಿ ಆಡಿದವನು ಎರಡು ವರ್ಷ ಚೆಂಡು ಮುಟ್ಟದೆ ಡಿಗ್ರಿಗೆ ಬರ್ತಾನೆ. ಅಲ್ಲಿಗೆ ಕೈ ಹೊಸದಾಗಿರುತ್ತೆ.

ಒಂದೇ ಊರು, ಐದು ವಿಶ್ವವಿದ್ಯಾಲಯ

ಈಗ ಮೆಟ್ಟಿಲ ಮೇಲೆ ಯಾರೂ ಹೇಳದ ಕಾರಣಕ್ಕೆ ಬರೋಣ. ನನ್ನ ಪ್ರಕಾರ ಅತಿ ದೊಡ್ಡದು ಇದೇ.

ಅಂತರ ವಿಶ್ವವಿದ್ಯಾಲಯ ಟೂರ್ನಿಯ ನಿಯಮ ಸರಳ: ಒಂದು ವಿವಿಗೆ ಒಂದು ತಂಡ. ಅಂತರ ಕಾಲೇಜು ಟೂರ್ನಿಯಲ್ಲಿ ಚೆನ್ನಾಗಿ ಆಡಿದ ಹನ್ನೆರಡು ಜನ ವಿವಿ ತಂಡಕ್ಕೆ ಆಯ್ಕೆಯಾಗಿ, ದಕ್ಷಿಣ ವಲಯಕ್ಕೆ ಹೋಗಿ, ಅಲ್ಲಿ ಗೆದ್ದರೆ ಅಖಿಲ ಭಾರತ ಮಟ್ಟಕ್ಕೆ ಹೋಗ್ತಾರೆ. ಹಾಗೆ ಆಡಿದವನೇ 'ಯೂನಿವರ್ಸಿಟಿ ಬ್ಲೂ'. ಆ ಬ್ಲೇಜರ್ ನಮ್ಮ ಹಿರಿಯರೊಬ್ಬರ ಬೀರುವಿನಲ್ಲಿ ಇವತ್ತಿಗೂ ಇದೆ.

ಚಿತ್ರದುರ್ಗದ ಕಾಲೇಜುಗಳು ಮೊದಲು ಮೈಸೂರು ವಿವಿಗೆ ಸೇರಿದ್ದವು. 1987ರಲ್ಲಿ ಕುವೆಂಪು ವಿವಿ ಬಂತು. 2009ರಲ್ಲಿ ದಾವಣಗೆರೆ ವಿವಿ ಬಂತು. ಇದು ಕಲೆ, ವಿಜ್ಞಾನ, ವಾಣಿಜ್ಯ ಕಾಲೇಜುಗಳ ಕತೆ. ಉಳಿದವು ಬೇರೆ ದಾರಿ ಹಿಡಿದವು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿವಿ 1996ರಲ್ಲಿ, ವಿಟಿಯು 1998ರಲ್ಲಿ, ಕಾನೂನು ವಿವಿ 2009ರಲ್ಲಿ ಶುರುವಾದವು. ಹಾಗಾಗಿ ಇವತ್ತು ದುರ್ಗದ ಬಿಎಸ್ಸಿ ಹುಡುಗ ದಾವಣಗೆರೆ ವಿವಿಗೆ, ಎಂಜಿನಿಯರಿಂಗ್ ಹುಡುಗ ಬೆಳಗಾವಿಯ ವಿಟಿಯುಗೆ, ಮೆಡಿಕಲ್ ಮತ್ತು ನರ್ಸಿಂಗ್ ವಿದ್ಯಾರ್ಥಿ ಬೆಂಗಳೂರಿನ ಆರೋಗ್ಯ ವಿವಿಗೆ, ಲಾ ಓದುವವನು ಹುಬ್ಬಳ್ಳಿಗೆ ಸೇರಿದವರು. ಹಿರಿಯೂರಿನ ತೋಟಗಾರಿಕೆ ಕಾಲೇಜಿನವರು ಶಿವಮೊಗ್ಗದ ಕೃಷಿ ವಿವಿಯವರು.

ಸಂಜೆ ಒಂದೇ ಕೋರ್ಟಿನಲ್ಲಿ ಆಡುವ ಐದು ಒಳ್ಳೇ ಆಟಗಾರರನ್ನು ಹೆಕ್ಕಿದರೆ ಅವರು ಐದು ವಿವಿಗಳಿಗೆ ಹರಿದು ಹೋಗ್ತಾರೆ. ಒಂದೇ ಜೆರ್ಸಿ ಹಾಕಿ ಆಡೋಕೆ ಅವರಿಗೆ ಕಾನೂನಿನಲ್ಲೇ ಅವಕಾಶ ಇಲ್ಲ. "ನಮ್ಮ ಕಾಲದಲ್ಲಿ ಊರಿಗೊಂದು ಟೀಮ್ ಇತ್ತು" ಅಂತ ಹಿರಿಯರು ಹೇಳಿದಾಗ ಅದನ್ನು ಬರೀ ಹಳೇ ನೆನಪು ಅಂತ ತಳ್ಳಿಹಾಕಬೇಡಿ. ಆಡಳಿತದ ಲೆಕ್ಕದಲ್ಲೂ ಆಗ ಬೇರೆ ಬೇರೆ ಕೋರ್ಸಿನವರು ಒಂದೇ ವಿವಿಯವರಾಗಿದ್ದರು.

ಪಠ್ಯ, ಪರೀಕ್ಷೆ, ಫಲಿತಾಂಶ ಸರಿಯಾಗಿ ನಡೆಯಲಿ ಅಂತ ವಿವಿಗಳನ್ನು ಬೇರೆ ಮಾಡಿದ್ದು ತಪ್ಪಲ್ಲ. ಮೈಸೂರಿಗೆ ಮಾರ್ಕ್ಸ್ ಕಾರ್ಡಿಗಾಗಿ ಅಲೆದವರನ್ನು ಕೇಳಿ ನೋಡಿ. ಆದರೆ ವಿಂಗಡಣೆ ಮಾಡುವಾಗ ಕ್ರೀಡೆ ಏನಾಗುತ್ತೆ ಅಂತ ಯೋಚಿಸಿದ ಕುರುಹು ಕಾಣಲ್ಲ. ಜಿಲ್ಲೆಯ ಕತೆಯೂ ಹೀಗೇ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆದಾಗ ಕಾಲೇಜುಗಳ ದೊಡ್ಡ ಪಾಲು, ದುಡ್ಡಿರೋ ದೊಡ್ಡ ಊರು ಎರಡೂ ಆ ಕಡೆ ಹೋದವು. ಅದೇ 1997ರಲ್ಲಿ ಕರ್ನಾಟಕ ರಾಷ್ಟ್ರೀಯ ಕ್ರೀಡಾಕೂಟ ನಡೆಸಿತು, ಬೆಂಗಳೂರು ಮತ್ತು ಮೈಸೂರಿನಲ್ಲಿ.

ಡೀಮ್ಡ್ ಎಂಬ ಎದುರಾಳಿ

'ಒಂದು ವಿವಿಗೆ ಒಂದು ತಂಡ' ಅನ್ನೋ ನಿಯಮ ಎಲ್ಲರಿಗೂ ಸಮಾನ ಅನ್ನಿಸುತ್ತೆ. ಆದರೆ ವಿವಿ ಅನ್ನೋ ಪದದ ಅರ್ಥ ಇಪ್ಪತ್ತು ವರ್ಷಗಳಲ್ಲಿ ಬದಲಾಗಿದೆ. ದಾವಣಗೆರೆ ವಿವಿ ಅಂದ್ರೆ ಎರಡು ಜಿಲ್ಲೆಗಳಲ್ಲಿ ಚದುರಿದ ಸಂಯೋಜಿತ ಕಾಲೇಜುಗಳು. ಹೊಸದುರ್ಗದ ಒಬ್ಬ, ಹರಿಹರದ ಒಬ್ಬ, ಚಳ್ಳಕೆರೆಯ ಒಬ್ಬ ತೊಳಹುಣಸೆ ಕ್ಯಾಂಪಸ್ಸಿನಲ್ಲಿ ಕೆಲವು ದಿನದ ಕೋಚಿಂಗ್ ಕ್ಯಾಂಪಿನಲ್ಲಿ ಸೇರಿ, ಪರಸ್ಪರ ಹೆಸರು ಕಲಿಯೋ ಹೊತ್ತಿಗೆ ಟ್ರೈನು ಹತ್ತಬೇಕು.

ಬೆಂಗಳೂರಿನ ಡೀಮ್ಡ್ ಅಥವಾ ಖಾಸಗಿ ವಿವಿಯೂ ಅದೇ ಟೂರ್ನಿಗೆ ಬರುತ್ತೆ. ಅದು ಕಾಲೇಜೂ ಹೌದು, ವಿವಿಯೂ ಹೌದು. ಹಾಸ್ಟೆಲ್ಲು, ಕೋರ್ಟು, ಜಿಮ್ಮು, ಕೋಚು ಒಂದೇ ಕಡೆ. ಫೀಸು ಮನ್ನಾ ಮಾಡಿ ರಾಜ್ಯದ, ಹೊರರಾಜ್ಯದ ಆಟಗಾರರನ್ನು ಕರೆತರಬಹುದು. ವರ್ಷವಿಡೀ ಒಟ್ಟಿಗೆ ಆಡಿಸಬಹುದು. 2022ರ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್ ಬೆಂಗಳೂರಿನಲ್ಲಿ ನಡೆದಾಗ ಆತಿಥ್ಯ ವಹಿಸಿದ್ದು ಜೈನ್ ಡೀಮ್ಡ್ ವಿವಿ. ಆಟಗಾರರಿಗೆ ಇದು ಒಳ್ಳೆಯದೇ. ದುರ್ಗದ ಹುಡುಗನಿಗೆ ಅಂಥ ಕಡೆ ಉಚಿತ ಸೀಟು ಸಿಕ್ಕರೆ ನಾನೇ ಮೊದಲು ಹೋಗು ಅಂತೀನಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ವಸತಿ ನಿಲಯಗಳೂ ಶಾಲಾ ಹಂತದಲ್ಲೇ ಒಳ್ಳೆಯವರನ್ನು ಆರಿಸಿಕೊಂಡು ಹೋಗ್ತವೆ. ಅದೂ ಸರಿ. ಉಳಿದವರ ಗತಿ ಏನು ಅನ್ನೋದು ಮಾತ್ರ ಯಾವ ಫೈಲಿನಲ್ಲೂ ಇಲ್ಲ.

ಇದು ನಮ್ಮೂರಿನ ಗೋಳು ಮಾತ್ರ ಅಲ್ಲ. ಕಾಲೇಜು ಬಾಸ್ಕೆಟ್‌ಬಾಲನ್ನು ಹಬ್ಬದ ಥರ ಆಚರಿಸುವ ಅಮೆರಿಕದಲ್ಲೂ ಇದೇ ಜಗಳ. ಅಲ್ಲಿ 2021ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ವಿವಿಗಳೇ ನೇರವಾಗಿ ಹಣ ಕೊಡಬಹುದು. ಆಟಗಾರರ ಶ್ರಮಕ್ಕೆ ಬೆಲೆ ಬಂತು, ಅದು ನ್ಯಾಯ. ಆದರೆ ಸಣ್ಣ ಊರಿನ ಕಾಲೇಜು ಬೆಳೆಸಿದ ಹುಡುಗ ಮರುವರ್ಷವೇ ದೊಡ್ಡ ವಿವಿಗೆ ಹೋಗೋದೂ ಸುಲಭವಾಯ್ತು. ಅಲ್ಲಿನ ಅಭಿಮಾನಿ ಮತ್ತು ನಮ್ಮ ಮೆಟ್ಟಿಲ ಮೇಲಿನ ಅಭಿಮಾನಿ ಒಟ್ಟಿಗೆ ಕೂತರೆ ಭಾಷೆ ಬಾರದಿದ್ದರೂ ಒಬ್ಬರ ದೂರು ಇನ್ನೊಬ್ಬರಿಗೆ ಅರ್ಥವಾದೀತು.

ಕೊನೆಯ ಕೊಂಡಿ: ಬ್ಯಾಂಕಿನ ನೌಕರಿ

ಹಿಂದೆ ಒಬ್ಬ ಸಾಮಾನ್ಯ ಮನೆಯ ಹುಡುಗ ದಿನಾ ಎರಡು ಗಂಟೆ ಬಾಸ್ಕೆಟ್‌ಬಾಲ್ ಆಡಿದರೆ ಅಪ್ಪ ಬೈಯದೆ ಇರೋಕೆ ಒಂದು ಕಾರಣ ಇತ್ತು. "ಯೂನಿವರ್ಸಿಟಿ ಆಡಿದ್ರೆ ಬ್ಯಾಂಕಲ್ಲಿ ಕೆಲ್ಸ ಆಗುತ್ತಂತೆ."

ಆ ಮಾತು ಸುಳ್ಳಾಗಿರಲಿಲ್ಲ. ಸಾರ್ವಜನಿಕ ವಲಯದ ಬ್ಯಾಂಕುಗಳು, ಕಾರ್ಖಾನೆಗಳು, ರೈಲ್ವೆ ಆಟಗಾರರನ್ನು ನೌಕರಿಗೆ ತೆಗೆದುಕೊಂಡು ತಂಡ ಕಟ್ಟುತ್ತಿದ್ದವು. ವಿಜಯಾ ಬ್ಯಾಂಕಿನ ಪುರುಷರ ತಂಡ ರಾಜ್ಯದ ಬಾಸ್ಕೆಟ್‌ಬಾಲ್‌ನಲ್ಲಿ ದೊಡ್ಡ ಹೆಸರು. ಮಹಿಳೆಯರಲ್ಲಿ ರೈಲ್ವೆಯದ್ದೇ ದೇಶದಲ್ಲಿ ಮೇಲುಗೈ. ಡಿಗ್ರಿ ಕಾಲೇಜಿನ ಟೀಮು ಈ ತಂಡಗಳಿಗೆ ನರ್ಸರಿ ಇದ್ದ ಹಾಗೆ.

2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐನಲ್ಲಿ ವಿಲೀನವಾಯ್ತು. 2019ರ ಏಪ್ರಿಲ್‌ನಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾ ಪಾಲಾಯ್ತು. 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಮೂರು ವರ್ಷಗಳಲ್ಲಿ ಕರ್ನಾಟಕದಲ್ಲಿ ಹುಟ್ಟಿದ ನಾಲ್ಕು ಸಾರ್ವಜನಿಕ ಬ್ಯಾಂಕುಗಳ ಹೆಸರು ಹೋಯ್ತು, ಉಳಿದದ್ದು ಕೆನರಾ ಒಂದೇ. ಆಗ ನಾವೆಲ್ಲ ಕನ್ನಡದ ಗ್ರಾಹಕ, ಕನ್ನಡದ ಅಸ್ಮಿತೆ ಅಂತ ಮಾತಾಡಿದೆವು. ಅದರ ಜೊತೆಗೇ ಕ್ರೀಡಾಪಟುಗಳ ಬಾಗಿಲೂ ಕಮ್ಮಿಯಾಯ್ತು. ಎರಡು ಬ್ಯಾಂಕು ಒಂದಾದರೆ ಇಬ್ಬರು ನೇಮಿಸಿಕೊಳ್ಳುವವರು ಒಬ್ಬರಾಗ್ತಾರೆ. ವಿಲೀನದ ಲಾಭ ನಷ್ಟದ ಪಟ್ಟಿಯಲ್ಲಿ ಈ ಸಾಲು ಯಾರೂ ಬರೆಯಲಿಲ್ಲ.

ಪೊಲೀಸ್ ನೇಮಕಾತಿಯಲ್ಲಿ ಕ್ರೀಡಾ ಮೀಸಲಾತಿ ಇದೆ, ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆ. ಆದರೆ ಅವು ಕೇಳುವ ಸರ್ಟಿಫಿಕೇಟು ಮೇಲಿನ ಹಂತದ್ದು. ಮೊದಲ ಸುತ್ತಲ್ಲೇ ಸೋಲುವ ಟೀಮಿನ ಹುಡುಗನಿಗೆ ಅದು ಎಟುಕೋದಿಲ್ಲ. ಹಾಗಾಗಿ ಅವನು ಸಂಜೆ ಆರಕ್ಕೆ ಕೋರ್ಟು ಬಿಟ್ಟು ಪಾರ್ಟ್ ಟೈಮ್ ಡೆಲಿವರಿಗೆ ಹೋಗ್ತಾನೆ. "ಮೊಬೈಲ್ ಮಹಿಮೆ" ಅಂದ್ರಲ್ಲ, ಅವನ ಮೊಬೈಲಿನಲ್ಲಿ ಬರೋದು ಆರ್ಡರು.

ಆ ಕಾಲ ಯಾರದ್ದು?

ಇಷ್ಟು ಬರೆದ ಮೇಲೆ 'ಹಿಂದೆ ಎಲ್ಲ ಚೆನ್ನಾಗಿತ್ತು' ಅಂತ ಮುಗಿಸಿದರೆ ಮೋಸ ಆಗುತ್ತೆ. ನಾನು ಹಿರಿಯರನ್ನು ಕೇಳಿದೆ: "ಅಣ್ಣ, ನಿಮ್ಮ ಟೀಮಿನ ಹನ್ನೆರಡು ಜನರಲ್ಲಿ ಹಳ್ಳಿಯಿಂದ ಬಂದೋರು ಎಷ್ಟು?" ಅವರು ಬೆರಳು ಮಡಚಿ ಎಣಿಸಿದರು. ಒಬ್ಬ. ಅವನೂ ಹಾಸ್ಟೆಲ್ ಹುಡುಗ, ಶೂ ಇಲ್ಲದೆ ಶುರು ಮಾಡಿದವನು. ಉಳಿದವರೆಲ್ಲ ಟೌನಿನ ಮನೆ, ಸರ್ಕಾರಿ ಕ್ವಾರ್ಟರ್ಸ್ ಕಡೆಯವರು. "ಹುಡ್ಗೀರ ಟೀಮ್?" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. "ಇತ್ತಪ್ಪ, ಒಂದೆರಡು ವರ್ಷ" ಅಂದ್ರು ಒಬ್ಬರು.

ಹೆಣ್ಣುಮಕ್ಕಳು ಈ ಆಟಕ್ಕೆ ಹೊಸಬರಲ್ಲ. ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಸೆಂಡಾ ಬೆರೆನ್‌ಸನ್ ಎಂಬ ಅಧ್ಯಾಪಕಿ 1893ರಲ್ಲೇ ವಿದ್ಯಾರ್ಥಿನಿಯರ ಪಂದ್ಯ ಆಡಿಸಿದ್ದರು. ಆಟ ಹುಟ್ಟಿ ಎರಡು ವರ್ಷವೂ ಆಗಿರಲಿಲ್ಲ. ನಮ್ಮಲ್ಲೇ 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಕಜಕಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್ ಬಿ ಡಿವಿಷನ್ ಗೆದ್ದು ಎ ಡಿವಿಷನ್‌ಗೆ ಏರಿದರು. ಚಿತ್ರದುರ್ಗದಿಂದ ಇನ್ನೂರು ಕಿಲೋಮೀಟರ್ ದೂರದಲ್ಲಿ ನಡೆದದ್ದು ಅದು.

ಈಗ ಸರ್ಕಾರಿ ಡಿಗ್ರಿ ಕಾಲೇಜಿನ ಕ್ಲಾಸಿಗೆ ಹೋಗಿ ನೋಡಿ. ಬಹಳ ಕಡೆ ಹುಡುಗಿಯರೇ ಹೆಚ್ಚು. ಹೊಳಲ್ಕೆರೆ, ಹೊಸದುರ್ಗ ಕಡೆಯ ಹಳ್ಳಿಗಳಿಂದ ಬರೋರು, ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುವವರು. ಕಾಲೇಜಿನ ಬಾಗಿಲು ಇವರಿಗೆ ತೆರೆದ ಹೊತ್ತಿಗೇ ಕಾಲೇಜಿನ ಆಟ ಸೊರಗಿತು. ಟೀಮು ಸೋತದ್ದಕ್ಕಿಂತ ನನಗೆ ಹೆಚ್ಚು ಕಾಡೋದು ಇದು.

ಪ್ರಾಕ್ಟೀಸ್ ಶುರುವಾಗೋದು ನಾಲ್ಕೂವರೆಗೆ. ಊರಿನ ಕೊನೆಯ ಬಸ್ಸು ಅದಾದ ಒಂದು ಗಂಟೆಗೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಟಿಕೆಟ್ ಉಚಿತ. ಅದು ಸಾವಿರಾರು ಹೆಣ್ಣುಮಕ್ಕಳನ್ನು ಕಾಲೇಜಿಗೆ ಕರೆತಂದಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಡೆ ಹಳ್ಳಿ ರೂಟುಗಳಲ್ಲಿ ಖಾಸಗಿ ಬಸ್ಸೇ ಜಾಸ್ತಿ. ಟಿಕೆಟ್ ಉಚಿತವಾದರೂ ಏಳು ಗಂಟೆಗೆ ಬಸ್ಸೇ ಇಲ್ಲದಿದ್ದರೆ ಹುಡುಗಿ ಆಡೋದು ಹೇಗೆ? ಮಹಿಳಾ ಬಾಸ್ಕೆಟ್‌ಬಾಲ್ ಅಭಿವೃದ್ಧಿ ಅಂದ್ರೆ ಇಲ್ಲಿ ಮೊದಲ ಹೆಜ್ಜೆ ಬಸ್ ಟೈಮ್‌ಟೇಬಲ್.

ದುಡ್ಡಿಲ್ವ?

ಇದೆ. ಮೂರು ಕಡೆ ಇದೆ.

ಒಂದು, ನಿಮ್ಮ ಅಡ್ಮಿಷನ್ ರಸೀದಿ. ಅದರಲ್ಲಿ ಕ್ರೀಡಾ ಶುಲ್ಕ ಅಂತ ಒಂದು ಸಾಲು ಇರುತ್ತೆ. ಆಡಿದರೂ ಆಡದಿದ್ದರೂ ಎಲ್ಲರೂ ಕಟ್ತಾರೆ. ಸ್ವಲ್ಪ ಕಾಲೇಜಿಗೆ, ಸ್ವಲ್ಪ ವಿವಿಗೆ. ಅದು ಎಲ್ಲಿ ಖರ್ಚಾಯ್ತು ಅಂತ ಕೇಳುವ ಹಕ್ಕು ಕಟ್ಟಿದವರಿಗೆ ಇದೆ. ಸರ್ಕಾರಿ ಕಾಲೇಜು, ವಿವಿಗಳಾದರೆ ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಸಾಕು.

ಎರಡು, ಗಣಿ ದುಡ್ಡು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಕಬ್ಬಿಣದ ಅದಿರಿನ ಗಣಿಗಳಿವೆ. 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು. ಹಳೇ ಗುತ್ತಿಗೆದಾರರು ತಮ್ಮ ರಾಯಧನದ ಶೇ 30ರಷ್ಟು, ಹರಾಜಿನಲ್ಲಿ ಗಣಿ ಪಡೆದವರು ಶೇ 10ರಷ್ಟು ಹಣ ಅದಕ್ಕೆ ಹೆಚ್ಚುವರಿಯಾಗಿ ಕಟ್ಟಬೇಕು. ಗಣಿ ಬಾಧಿತ ಪ್ರದೇಶದಲ್ಲಿ ಈ ಹಣ ಖರ್ಚು ಮಾಡುವ ಕೇಂದ್ರದ ಮಾರ್ಗಸೂಚಿಯ ಶಿಕ್ಷಣದ ಪಟ್ಟಿಯಲ್ಲಿ ಕ್ರೀಡಾ ಮೂಲಸೌಕರ್ಯವೂ ಸೇರಿದೆ. ಅದಿರು ಲಾರಿಯ ಧೂಳು ಕುಡಿಯುವ ಊರಿನ ಕಾಲೇಜಿಗೆ ಒಂದು ಸೂರಿರೋ ಕೋರ್ಟು ಕೇಳೋದು ಭಿಕ್ಷೆ ಅಲ್ಲ.

ಮೂರು, ಪ್ರಭಾವ. ಈ ಆಟಕ್ಕೆ ರಾಜ್ಯದಲ್ಲಿ ರಾಜಕೀಯ ಬಲ ಇಲ್ಲ ಅಂತ ಯಾರೂ ಹೇಳೋ ಹಾಗಿಲ್ಲ. ವಿಧಾನ ಪರಿಷತ್ ಸದಸ್ಯ ಕೆ. ಗೋವಿಂದರಾಜ್ ಭಾರತೀಯ ಬಾಸ್ಕೆಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷರಾಗಿದ್ದವರು, ಫಿಬಾ ಏಷ್ಯಾದ ಅಧ್ಯಕ್ಷ ಸ್ಥಾನಕ್ಕೂ ಏರಿದವರು. 2017ರ ಮತ್ತು 2019ರ ಮಹಿಳಾ ಏಷ್ಯಾ ಕಪ್ ಬೆಂಗಳೂರಿಗೆ ಬಂದದ್ದು ಅವರು ಫೆಡರೇಷನ್ನಿನ ಅಧ್ಯಕ್ಷರಾಗಿದ್ದಾಗಲೇ. ದೊಡ್ಡ ಟೂರ್ನಿ ತರುವ ಶಕ್ತಿ ಇದೆ ಅಂತಾಯ್ತು. ಆ ಶಕ್ತಿ ಕಂಠೀರವದಿಂದ ತುಮಕೂರು ರೋಡು ಹಿಡಿದು ಹಿರಿಯೂರು ದಾಟಿ ಬರಬೇಕು.

ಹಾಗಾದರೆ ಏನು ಕೇಳಬೇಕು? ನನ್ನ ಪಟ್ಟಿ ಚಿಕ್ಕದು. ಖಾಲಿ ಇರುವ ದೈಹಿಕ ಶಿಕ್ಷಣ ಹುದ್ದೆಗಳನ್ನು ತುಂಬಿ. ಐದು ವಿವಿಗಳಿಗೆ ಹಂಚಿಹೋದ ವಿದ್ಯಾರ್ಥಿಗಳು ಒಟ್ಟಿಗೆ ಆಡುವಂತೆ ವರ್ಷಕ್ಕೊಂದು ಜಿಲ್ಲಾ ಕಾಲೇಜು ಲೀಗ್ ನಡೆಸಿ. ಇದಕ್ಕೆ ಯಾವ ವಿವಿಯ ಅನುಮತಿಯೂ ಬೇಡ, ಜಿಲ್ಲಾಡಳಿತ ಮನಸ್ಸು ಮಾಡಿದರೆ ಒನಕೆ ಓಬವ್ವ ಕ್ರೀಡಾಂಗಣವಿದೆ. ಗಣಿ ಪ್ರತಿಷ್ಠಾನದ ದುಡ್ಡಲ್ಲಿ ತಾಲ್ಲೂಕಿಗೊಂದು ಸೂರಿರುವ ಕೋರ್ಟು ಕಟ್ಟಿ. ಏಳು ಗಂಟೆಗೊಂದು ಬಸ್ಸು ಬಿಡಿ. ಇದ್ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ.

ಇಷ್ಟು ಹೇಳಿದ ಮೇಲೆ ಸುಮ್ಮನೆ ಎದ್ದು ಬರೋಕೆ ಮನಸ್ಸಾಗಲಿಲ್ಲ. ಮುಂದಿನ ಭಾನುವಾರ ಒಂದು ಅಳತೆ ಟೇಪು, ಸುಣ್ಣದ ಪುಡಿ, ಒಂದು ಡಬ್ಬ ಬಿಳಿ ಪೇಂಟ್ ತಗೊಂಡು ಹೋದೆವು. ಮೊಬೈಲನ್ನು ಬೈದಿದ್ದ ಹಿರಿಯರೇ ಟೇಪಿನ ಒಂದು ತುದಿಯನ್ನು ರಿಂಗಿನ ನೇರ ಕೆಳಗೆ ಹಿಡಿದು ಕೂತರು. ತಲೆ ತಗ್ಗಿಸಿದ್ದ ಹುಡುಗ ಇನ್ನೊಂದು ತುದಿ ಹಿಡಿದು ನಡೆದ. 6.25ರ ಹಳೇ ಗೆರೆ ದಾಟಿ, ಇನ್ನೊಂದು ಹೆಜ್ಜೆ ಇಟ್ಟು, 6.75ರಲ್ಲಿ ನಿಂತ. "ಇಷ್ಟ್ ದೂರನಾ ಅಣ್ಣ?" ಅಂದ.

"ಹ್ಞೂಂ ಕಣೋ, ಇಷ್ಟು ದೂರ."

ಅವನು ಚೆಂಡು ತರಿಸಿಕೊಂಡ. ಪೇಂಟ್ ಒಣಗೋವರೆಗೂ ಕಾಯಲಿಲ್ಲ.